ಪೇಂಟ್‌ಬಾಲ್ ಸಿಲಿಂಡರಿಗೆ ಯಾವ ಅನಿಲ?

ಮೈಸೂರಿನ ಹೊರವಲಯದಲ್ಲಿ, ಅನಿಲದ ಒತ್ತಡದ ಬಂದೂಕಿನಿಂದ ಬಣ್ಣದ ಗುಂಡು ಹಾರಿಸಿ ಆಡುವ ಪೇಂಟ್‌ಬಾಲ್ ಮೈದಾನ ತೆರೆಯಲಿರುವ ಗೆಳೆಯರೊಬ್ಬರು ಕೇಳಿದ್ದಾರೆ: ಕಾರ್ಬನ್ ಡೈಆಕ್ಸೈಡೋ, ಸಂಕುಚಿತ ಗಾಳಿಯೋ, ನೈಟ್ರೋಜನ್ನೋ?

ಒತ್ತಡದ ಅಂಕಿ ನೋಡಿದರೆ ಗಾಳಿಯೇ ಭಯ ಹುಟ್ಟಿಸುತ್ತದೆ: 3000 ಅಥವಾ 4500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ). ಕಾರ್ಬನ್ ಡೈಆಕ್ಸೈಡಿನದು 21 ಡಿಗ್ರಿಯಲ್ಲಿ ಸುಮಾರು 850 ಅಷ್ಟೆ. ಆದರೆ ಈ ಸಾಧುವಿಗೆ ಬಿಸಿಲು ಕಂಡರಾಗದು. ದ್ರವರೂಪದಲ್ಲಿ ತುಂಬಿರುವುದರಿಂದ ಕಾವೇರಿದಂತೆ ಒತ್ತಡ ಜಿಗಿಯುತ್ತದೆ. 31 ಡಿಗ್ರಿ ದಾಟಿದರೆ ದ್ರವವೆಂಬುದೇ ಉಳಿಯದು. ನಮ್ಮ ಏಪ್ರಿಲ್ ಮಧ್ಯಾಹ್ನಗಳಿಗೆ 31 ಯಾವ ಲೆಕ್ಕ? ತೂಕ ಮೀರಿ ತುಂಬಿದ ಸಿಲಿಂಡರನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ರಕ್ಷಣಾ ಬಿಲ್ಲೆ ಒಡೆದು ಅನಿಲ ಭುಸ್ಸೆಂದು ನುಗ್ಗುತ್ತದೆ. ಒತ್ತಡ ಮಿತಿಮೀರಿದಾಗ ಸಿಲಿಂಡರಿಗೆ ಬದಲು ತಾನು ಒಡೆಯುವುದೇ ಆ ಬಿಲ್ಲೆಯ ಕೆಲಸ, ಬಿಡಿ. ಸೋರುವ ಅನಿಲದ ಚಳಿಗೆ ಬೆರಳು ಸುಟ್ಟಂತಾಗುವುದೂ ಉಂಟು.

ನೈಟ್ರೋಜನ್ ಹೆಚ್ಚುಕಡಿಮೆ ಗಾಳಿಯಂತೆಯೇ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಮಾತ್ರ ಉಸಿರುಗಟ್ಟಿಸುತ್ತದೆ. ಆಕ್ಸಿಜನ್ ಸಿಲಿಂಡರ್ ಸುಲಭವಾಗಿ ಸಿಗುತ್ತದೆಂದು ಅದಕ್ಕೆ ಕೈಹಾಕಬೇಡಿ: ಒಳಗೆ ಎಣ್ಣೆಯ ಜಿಡ್ಡಿದ್ದರೆ ಸ್ಫೋಟವೇ.

ಅಪರೂಪಕ್ಕೆ, ತಂಪು ಹೊತ್ತಿನಲ್ಲಿ ಆಡುವವರಿಗೆ ಕಾರ್ಬನ್ ಡೈಆಕ್ಸೈಡ್ ಕಡಿಮೆ ಖರ್ಚಿನದು. ದಿನವಿಡೀ ಬಿಸಿಲಿನಲ್ಲಿ ನಡೆಯುವ ಮೈದಾನಕ್ಕೆ ಗಾಳಿಯೇ ವಾಸಿ, ಸಿಲಿಂಡರಿನ ಒತ್ತಡ ಪರೀಕ್ಷೆಯ ಅವಧಿ ಮೀರದಂತೆ ನೋಡಿಕೊಳ್ಳುವುದಾದರೆ. ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರಿಗೆ ಹಣವಿಲ್ಲದಿದ್ದರೆ, ಕೊಂಡು ತರುವ ನೈಟ್ರೋಜನ್ ಆದೀತು.