ಹಗ್ಗವೋ ಕ್ರೇನೋ ಫ್ಲ್ಯಾಟ್‌ಬೆಡ್ಡೋ: ಕೆಟ್ಟು ನಿಂತ ಕಾರನ್ನು ಸಾಗಿಸುವ ಮೂರು ದಾರಿ

ಸ್ವಿಫ್ಟ್, ಐ20, ಸಿಟಿಯಂಥ ಮುಂಚಕ್ರದಿಂದ ಓಡುವ ಕಾರು ರಸ್ತೆಯಲ್ಲಿ ಕೆಟ್ಟು ನಿಂತರೆ ಸುತ್ತ ಸೇರಿದವರೆಲ್ಲ ಗೇರ್‌ಬಾಕ್ಸ್ ಬಗ್ಗೆಯೇ ಎಚ್ಚರಿಸುತ್ತಾರೆ. ಹಗ್ಗ ಕಟ್ಟಿಸಿಕೊಂಡು, ಕ್ರೇನಿಗೆ ಎತ್ತಿಸಿ, ಫ್ಲ್ಯಾಟ್‌ಬೆಡ್ (ಇಡೀ ಕಾರನ್ನು ಹೊರುವ ಚಪ್ಪಟೆ ಹಾಸಿನ ಲಾರಿ) ಮೇಲೆ ಹತ್ತಿಸಿ, ಹೀಗೆ ಮೂರೂ ವಿಧದಲ್ಲಿ ಮನೆಯ ಕಾರುಗಳನ್ನು ಸಾಗಿಸಿ ನೋಡಿದ ಮೇಲೆ ನನ್ನ ಲೆಕ್ಕ ಬೇರೆಯಾಗಿದೆ. ಮ್ಯಾನ್ಯುಯಲ್ ಗೇರಿನ ಕಾರಾದರೆ ಮೊದಲು ಯೋಚಿಸಬೇಕಾದದ್ದು ಬ್ರೇಕಿನ ಬಗ್ಗೆ. ಗೇರ್‌ಬಾಕ್ಸಿನ ಭಯ ಆಟೊಮ್ಯಾಟಿಕ್ ಇಟ್ಟುಕೊಂಡವರಿಗೆ.

ಹಗ್ಗದಿಂದ ಶುರು ಮಾಡುತ್ತೇನೆ, ಏಕೆಂದರೆ ಮಲೆನಾಡಿನಲ್ಲಿ ಮೊದಲು ಸಿಗುವುದು ಅದೇ. ಬಣಕಲ್ ಬಳಿ ನನ್ನ ಹಳೆಯ ಕಾರು ನಿಂತಾಗ ಪಕ್ಕದ ತೋಟದವರ ಬೊಲೆರೊ ಮೂಡಿಗೆರೆಯ ಗ್ಯಾರೇಜಿನವರೆಗೆ ಎಳೆದುಕೊಂಡು ಬಂದಿತು. ಗೇರ್ ನ್ಯೂಟ್ರಲ್‌ನಲ್ಲಿತ್ತು, ಸ್ಟೀರಿಂಗ್ ಲಾಕ್ ಆಗದಂತೆ ಕೀ ಆನ್ ಆಗಿತ್ತು. ಇಂಥ ಕಾರುಗಳಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಒಂದೇ ಪೆಟ್ಟಿಗೆಯೊಳಗಿರುತ್ತವೆ. ಚಕ್ರ ಉರುಳಿದಂತೆ ಡಿಫರೆನ್ಷಿಯಲ್ಲಿನ ದೊಡ್ಡ ಹಲ್ಲುಚಕ್ರವೂ ತಿರುಗಿ ಎಣ್ಣೆಯನ್ನು ಎರಚುತ್ತಿರುತ್ತದೆ. ಆದ್ದರಿಂದ ನಿಧಾನವಾಗಿ, ಸ್ವಲ್ಪ ದೂರ ಎಳೆದರೆ ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಏನೂ ಆಗುವುದಿಲ್ಲ. ನನ್ನದಕ್ಕೂ ಆಗಲಿಲ್ಲ.

ಬ್ರೇಕಿನ ಕಥೆ ಹಾಗಲ್ಲ. ಎಂಜಿನ್ ಓಡದಿದ್ದರೆ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರಿಗೆ ನಿರ್ವಾತ ಸಿಗುವುದಿಲ್ಲ. ಒಂದೆರಡು ಸಲ ಒತ್ತುವವರೆಗೆ ಉಳಿದ ನಿರ್ವಾತ ಕೆಲಸಕ್ಕೆ ಬರುತ್ತದೆ, ಆಮೇಲೆ ಪೆಡಲ್ ಗಟ್ಟಿಯಾಗಿ ನಿಂತುಬಿಡುತ್ತದೆ. ಬ್ರೇಕ್ ಹಿಡಿಯುತ್ತದೆ ನಿಜ, ಆದರೆ ಕಾಲಿನ ಪೂರ್ತಿ ಬಲ ಹಾಕಬೇಕು. ಪವರ್ ಸ್ಟೀರಿಂಗ್ ಇಲ್ಲದ್ದರಿಂದ ತಿರುವಿನಲ್ಲಿ ತೋಳು ನೋಯುತ್ತದೆ. ಇಷ್ಟರ ನಡುವೆ ಹಗ್ಗವನ್ನು ಸದಾ ಬಿಗಿಯಾಗಿಡುವ ಹೊಣೆ ಹಿಂದಿನ ಕಾರಿನವನದು. ಇಳಿಜಾರು ಬರುವ ಮೊದಲೇ ಅವನು ಮೆಲ್ಲಗೆ ಬ್ರೇಕ್ ಹಿಡಿಯಬೇಕು. ಇಲ್ಲವಾದರೆ ಹಗ್ಗ ಸಡಿಲಗೊಂಡು, ಮರುಕ್ಷಣ ಜಗ್ಗಿ, ಕೊಕ್ಕೆಯನ್ನೇ ಕಿತ್ತುಕೊಂಡು ಹೋಗಬಹುದು. ಹಿಂದಿನ ಕಾರಿನಲ್ಲಿ ಕೂರುವವನು ಎಳೆಯುವವನಿಗಿಂತ ಒಳ್ಳೆಯ ಚಾಲಕನಾಗಿರಬೇಕು; ನಮ್ಮಲ್ಲಿ ಸಾಮಾನ್ಯವಾಗಿ ಕೂರಿಸುವುದು ಮನೆಯ ಹುಡುಗನನ್ನು!

ಕಾನೂನೂ ಈ ಬಗ್ಗೆ ಸುಮ್ಮನಿಲ್ಲ. ಎಳೆಸಿಕೊಳ್ಳುವ ವಾಹನದ ಚಾಲಕನ ಆಸನದಲ್ಲಿ ಲೈಸೆನ್ಸ್ ಇರುವವರೇ ಕೂತಿರಬೇಕು, ಎರಡು ವಾಹನಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ವೇಗ ಗಂಟೆಗೆ 24 ಕಿ.ಮೀ. ಮೀರಬಾರದು ಎಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಆ ವೇಗ ಬಹಳ ಕಡಿಮೆ ಎನಿಸುವುದು ಬೊಲೆರೊದಲ್ಲಿ ಕೂತವರಿಗೆ ಮಾತ್ರ.

ಹಗ್ಗವೆಂದರೆ ನೈಲಾನ್ ಬೆಲ್ಟ್. ಅದು ಸ್ವಲ್ಪ ಹಿಗ್ಗಿ ಜಗ್ಗಾಟವನ್ನು ನುಂಗಿಕೊಳ್ಳುತ್ತದೆ. ಉಕ್ಕಿನ ತಂತಿ ಹಿಗ್ಗುವುದಿಲ್ಲ, ಹರಿದರೆ ಚಾವಟಿಯಂತೆ ಗಾಜಿಗೆ ಬಡಿಯುತ್ತದೆ. ಬೆಲ್ಟ್ ಆದರೂ ನಡುವೆ ಒಂದು ಗೋಣಿಚೀಲ ಹೊದಿಸಿ: ಹರಿದರೆ ಅದರ ಹಾರಾಟ ತಗ್ಗುತ್ತದೆ, ಬೈಕಿನವರ ಕಣ್ಣಿಗೂ ಬೀಳುತ್ತದೆ. ಕಟ್ಟುವುದು ಎಳೆಯುವ ಕೊಕ್ಕೆಗೇ ಹೊರತು ಬಂಪರಿಗೋ ಸಸ್ಪೆನ್ಷನ್ನಿನ ತೋಳಿಗೋ ಅಲ್ಲ. ಹಲವು ಕಾರುಗಳಲ್ಲಿ ಆ ಕೊಕ್ಕೆ ಸ್ಪೇರ್ ಟೈರಿನ ಬಳಿ ಸಲಕರಣೆಗಳ ಜೊತೆ ಇರುತ್ತದೆ, ಬಂಪರಿನ ಪುಟ್ಟ ಮುಚ್ಚಳ ತೆಗೆದು ತಿರುಪಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಅದು ಎಡಕ್ಕೆ ತಿರುಗುತ್ತದೆ. ಬಲಕ್ಕೆ ತಿರುಗಿಸುತ್ತಾ ತಿರುಪಿನ ಮರೆ ಹಾಳಾಗಿದೆ ಎಂದು ಬೈಯುವವರನ್ನು ಕಂಡಿದ್ದೇನೆ.

ಇಷ್ಟೆಲ್ಲ ಸರಿಯಿದ್ದರೂ ಹಗ್ಗ ಸಮತಟ್ಟು ರಸ್ತೆಗೆ, ಹತ್ತಿರದ ಗ್ಯಾರೇಜಿಗೆ ಮಾತ್ರ. ಚಾರ್ಮಾಡಿ, ಶಿರಾಡಿ ಇಳಿಯುವುದಾದರೆ ಬೇಡವೇ ಬೇಡ.

ಕ್ರೇನ್ ನನಗೆ ಅತ್ಯಂತ ಹಿಡಿಸಿದ ದಾರಿ. ಮುಂದಿನ ಎರಡು ಚಕ್ರಗಳನ್ನು ತೊಟ್ಟಿಲಿನಂಥ ಚೌಕಟ್ಟಿಗೆ ಕೂರಿಸಿ ಎತ್ತಿದರೆ ಎಂಜಿನ್ನಿಗೆ ಸೇರಿದ್ದೆಲ್ಲ ಗಾಳಿಯಲ್ಲಿರುತ್ತದೆ. ನೆಲದ ಮೇಲಿನ ಹಿಂಚಕ್ರಗಳು ಯಾವುದಕ್ಕೂ ಅಂಟಿಕೊಂಡಿಲ್ಲ, ಹ್ಯಾಂಡ್‌ಬ್ರೇಕ್ ಇಳಿಸಿದರೆ ಹಾಯಾಗಿ ಉರುಳುತ್ತವೆ. ಒಳಗೆ ಯಾರೂ ಕೂರಬೇಕಿಲ್ಲ. ಸಮಸ್ಯೆ ಬರುವುದು ಕ್ರೇನಿನವರು ಹಿಂಬದಿ ಎತ್ತಲು ಬಂದಾಗ. ನನ್ನ ಕಾರಿನ ಮೂತಿ ಚರಂಡಿಯ ಕಡೆಗಿತ್ತು, ಹಿಂದಿನಿಂದ ಎತ್ತುವುದು ಅವರಿಗೆ ಸುಲಭವಿತ್ತು. "ಅಂಬಾಸಿಡರ್ ಎಷ್ಟು ಸಲ ಹೀಗೆ ಒಯ್ದಿಲ್ಲ ಸಾರ್" ಎಂದರು. ಅಂಬಾಸಿಡರಿಗೂ ಓಮ್ನಿಗೂ ಅದು ಸರಿಯೇ, ಅವು ಹಿಂಚಕ್ರದಿಂದ ಓಡುವ ಗಾಡಿಗಳು. ಮುಂಚಕ್ರದ ಕಾರನ್ನು ಹಾಗೆ ಎತ್ತಿದರೆ ಗೇರ್‌ಬಾಕ್ಸೂ ತಿರುಗುತ್ತದೆ, ನೆಲಕ್ಕೆ ತಾಗಿದ ಸ್ಟೀರಿಂಗ್ ಚಕ್ರಗಳು ಅತ್ತಿತ್ತ ಎಳೆಯುತ್ತವೆ. ಕಾರನ್ನು ಮೊದಲು ಹಿಂದಕ್ಕೆ ಎಳೆಸಿ, ತಿರುಗಿಸಿಯೇ ಎತ್ತಿಸಿದೆ. ಸಮಯ ಹಿಡಿಯಿತು, ಅವರ ಮುಖವೂ ಊದಿಕೊಂಡಿತು, ಇರಲಿ. ಚೌಕಟ್ಟಿಲ್ಲದೆ ಬರೀ ಸರಪಳಿ ಇರುವ ಹಳೆಯ ಕ್ರೇನ್ ಬಂದರೆ ಬಂಪರ್ ಉಳಿಯುವುದು ಅನುಮಾನ. ಮುಂಭಾಗ ಎತ್ತಿದಾಗ ಹಿಂಬಂಪರ್ ನೆಲಕ್ಕೆ ಹತ್ತಿರವಾಗುವುದರಿಂದ ಹಂಪುಗಳಲ್ಲಿ ನಿಧಾನಿಸಲು ಹೇಳಿ.

ಫ್ಲ್ಯಾಟ್‌ಬೆಡ್ ಮೂರರಲ್ಲಿ ಅತ್ಯಂತ ಸುರಕ್ಷಿತ, ಅದರಲ್ಲಿ ವಾದವಿಲ್ಲ. ಆದರೆ ಬಾಡಿಗೆ ದುಬಾರಿ, ಸಣ್ಣ ಊರುಗಳಲ್ಲಿ ಕಾಯುವುದೂ ಹೆಚ್ಚು. ಸಕಲೇಶಪುರದಿಂದ ಹಾಸನಕ್ಕೆ ನಮ್ಮ ಭಾವನ ಸಿವಿಟಿ (ಬೆಲ್ಟು, ರಾಟೆಗಳಿಂದ ನಡೆಯುವ ಒಂದು ಬಗೆಯ ಆಟೊಮ್ಯಾಟಿಕ್ ಗೇರ್) ಕಾರನ್ನು ಅದರಲ್ಲೇ ಸಾಗಿಸಿದೆವು. ಸಿವಿಟಿಯಲ್ಲಿ ಎಣ್ಣೆಯ ಪಂಪನ್ನು ಸಾಮಾನ್ಯವಾಗಿ ಓಡಿಸುವುದು ಎಂಜಿನ್. ಎಂಜಿನ್ ನಿಂತಿರುವಾಗ ಮುಂಚಕ್ರ ಉರುಳಿದರೆ ಒಳಗಿನ ಬೆಲ್ಟು, ರಾಟೆಗಳು ಎಣ್ಣೆಯ ಒತ್ತಡವಿಲ್ಲದೆ ಸವೆಯುತ್ತವೆ, ಹಗ್ಗದ ಮಾತೇ ಎತ್ತುವಂತಿಲ್ಲ. ಮುಂಭಾಗ ಎತ್ತುವ ಕ್ರೇನ್ ಸಾಕಾಗುತ್ತಿತ್ತಲ್ಲ ಎಂದು ಕೇಳಬಹುದು. ಸಾಕಾಗುತ್ತಿತ್ತು, ಆದರೆ ಭಾವನ ಕಾರಿನದು ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್. ಬ್ಯಾಟರಿ ಪೂರ್ತಿ ಇಳಿದಿದ್ದರಿಂದ ಹಿಂಚಕ್ರಗಳು ಕಚ್ಚಿಕೊಂಡಿದ್ದವು. ಬೇರೊಂದು ಬ್ಯಾಟರಿಯಿಂದ ಕೇಬಲ್ ಕೊಟ್ಟು ಬ್ರೇಕ್ ಬಿಡಿಸಿ, ಲಾರಿಯ ವಿಂಚಿನಿಂದ (ತಂತಿ ಸುತ್ತಿ ಎಳೆಯುವ ಯಂತ್ರ) ಮೇಲೆಳೆದೆವು. ವಿದ್ಯುತ್ ದೋಷವಿರುವ ಕಾರನ್ನು ಹಿಂಚಕ್ರ ನೆಲಕ್ಕಿಟ್ಟು ಹಾಸನದವರೆಗೆ ಒಯ್ಯುವ ಧೈರ್ಯ ನನಗಿರಲಿಲ್ಲ.

ಮೇಲೆ ಹತ್ತಿಸಿದ ಮೇಲೆ ಪಟ್ಟಿಯನ್ನು ಟೈರಿಗೆ ಬಿಗಿಯಬೇಕು. ಸರಪಳಿಯನ್ನು ಸಸ್ಪೆನ್ಷನ್ನಿಗೆ ಸಿಕ್ಕಿಸಿದರೆ ತೋಳು ಬಾಗಬಹುದು. ಕೆಲವು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಸಿ. ಕಾರು ಕುಲುಕಾಡಿ ಪಟ್ಟಿ ಸಡಿಲವಾಗಿರುತ್ತದೆ. ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹೋಗುವ ಕಾರು, ವಿದ್ಯುತ್ ಕಾರು ಇರುವವರಿಗೆ ಆಯ್ಕೆಯ ತಲೆನೋವೇ ಇಲ್ಲ. ಫೋನಿನಲ್ಲಿ ಕಾರಿನ ಮಾದರಿ ಹೇಳಿ, ಫ್ಲ್ಯಾಟ್‌ಬೆಡ್ಡನ್ನೇ ಕೇಳಿ, ಕ್ರೇನ್ ಕಳಿಸಿದರೆ ವಾಪಸ್ ಕಳಿಸಿ.