ವೈಫೈ ಸತ್ತರೂ ಬರೆಯುತ್ತಿದ್ದ ಸಾಲು ಹಾಗೇ ಇತ್ತು: ಕ್ಯೂಬ್ಸ್ ಓಎಸ್ ಜೊತೆ ಮೂರು ವರ್ಷ

ನಮ್ಮ ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟು ಪ್ರಿಂಟ್ ತೆಗೆಸಿದರೆ, ವಾಪಸ್ ಬರುವಾಗ ಅದರೊಳಗೆ ನಾನು ಹಾಕದ ನಾಲ್ಕು ಫೈಲ್ ಇರುತ್ತವೆ. ಆ ಕಾಟ ತಪ್ಪಲಿ ಅಂತಲೇ ಕ್ಯೂಬ್ಸ್ ಓಎಸ್ ಹಾಕಿಕೊಂಡೆ. ಒಂದೇ ಕಂಪ್ಯೂಟರ್ ಒಳಗೆ ಒಂದೊಂದು ಕೆಲಸಕ್ಕೆ ಒಂದೊಂದು ವರ್ಚುವಲ್ ಯಂತ್ರ, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಬೇರೆ ಕಂಪ್ಯೂಟರ್, ಮಾಡಿಕೊಡುವ ಓಎಸ್ ಇದು. ಇಷ್ಟು ದಿನ ಬಿಡದೆ ಉಳಿದಿದ್ದು ಮಾತ್ರ ಬೇರೆ ಕಾರಣಕ್ಕೆ.

ನನ್ನ ಹಳೇ ಲ್ಯಾಪ್‌ಟಾಪ್‌ನ ವೈಫೈ ಕಾರ್ಡಿಗೆ ಒಂದು ಕಾಯಿಲೆ. ಮುಚ್ಚಿ ತೆರೆದರೆ ಹತ್ತರಲ್ಲಿ ಮೂರು ಸಲ ಏಳುವುದೇ ಇಲ್ಲ. ಮೊದಲಿದ್ದ ಮಾಮೂಲಿ ಲಿನಕ್ಸ್‌ನಲ್ಲಿ ಆ ಕಾರ್ಡನ್ನು ನಡೆಸುವ ಡ್ರೈವರ್ ಕರ್ನಲ್‌ನ, ಅಂದರೆ ಓಎಸ್‌ನ ತಿರುಳಿನ, ಹೊಟ್ಟೆಯೊಳಗೇ ಇರುತ್ತಿತ್ತು. ಆ ಡ್ರೈವರ್ ಅನ್ನು ಹೊರತೆಗೆದು ಮತ್ತೆ ಹಾಕಿದರೆ ಒಮ್ಮೊಮ್ಮೆ ಸರಿಹೋಗುತ್ತಿತ್ತು, ಒಮ್ಮೊಮ್ಮೆ ಇಡೀ ಯಂತ್ರವೇ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಕ್ಯೂಬ್ಸ್‌ನಲ್ಲಿ ಆ ಕಾರ್ಡು ಸಿಸ್-ನೆಟ್ ಅನ್ನುವ ಪುಟ್ಟ ವರ್ಚುವಲ್ ಯಂತ್ರದ ಪಾಲು. ಎಲ್ಲದರ ಕೆಳಗೆ ಈ ಯಂತ್ರಗಳನ್ನೆಲ್ಲ ಬೇರೆ ಬೇರೆ ಇಟ್ಟು ಓಡಿಸುವ ಝೆನ್ ಹೈಪರ್‌ವೈಸರ್. ನೆಟ್ ಹೋದರೆ ಸಿಸ್-ನೆಟ್ ಒಂದನ್ನೇ ಕೊಂದು ಮತ್ತೆ ಎಬ್ಬಿಸುತ್ತೇನೆ. ಅರ್ಧ ನಿಮಿಷದ ಕೆಲಸ. ಪಕ್ಕದ ಕಿಟಕಿಯಲ್ಲಿ ಅರ್ಧ ಬರೆದ ಸಾಲು, ಮಿಟುಕುವ ಕರ್ಸರ್ ಹಾಗೇ ಇರುತ್ತವೆ. ಮೊದಲ ದಿನ ನಂಬಿಕೆ ಬರದೆ, ಸರಿಯಾಗಿ ಓಡುತ್ತಿದ್ದದ್ದನ್ನೇ ಸುಮ್ನೆ ಇನ್ನೊಂದು ಸಲ ಕೊಂದು ನೋಡಿದೆ.

ಯಾವ ಕಿಟಕಿ ಯಾವ ಯಂತ್ರದ್ದು ಅಂತ ಗೊತ್ತಾಗಲು ಕಿಟಕಿಗಳಿಗೆ ಬಣ್ಣದ ಅಂಚು ಇರುತ್ತದೆ. ನನಗೆ ಬ್ಯಾಂಕ್ ಹಸಿರು, ಆಫೀಸು ಹಳದಿ, ಸಿಕ್ಕಿದ್ದೆಲ್ಲ ತೆರೆಯುವ ಕಿಟಕಿ ಕೆಂಪು. ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡುವುದೇ ಒಂದು ಪೂಜೆ: ಕಂಟ್ರೋಲ್-ಸಿ, ಆಮೇಲೆ ಕಂಟ್ರೋಲ್-ಶಿಫ್ಟ್-ಸಿ, ಆಚೆ ಕಿಟಕಿಗೆ ಹೋಗಿ ಕಂಟ್ರೋಲ್-ಶಿಫ್ಟ್-ವಿ, ಕೊನೆಗೆ ಕಂಟ್ರೋಲ್-ವಿ. ಈಗ ಬೆರಳಿಗೆ ಎಷ್ಟು ರೂಢಿಯಾಗಿದೆ ಅಂದರೆ ಆಫೀಸಿನ ಕಂಪ್ಯೂಟರ್‌ನಲ್ಲೂ ಹಾಗೇ ಒತ್ತುತ್ತೇನೆ. ಜೆರಾಕ್ಸ್ ಅಂಗಡಿಯ ಪೆನ್‌ಡ್ರೈವ್ ಯುಎಸ್‌ಬಿಗೇ ಮೀಸಲಾದ ಸಿಸ್-ಯುಎಸ್‌ಬಿ ಅನ್ನುವ ಯಂತ್ರದಲ್ಲಿ ನಿಲ್ಲುತ್ತದೆ. ಅದರಲ್ಲಿನ ಪಿಡಿಎಫ್ ಅನ್ನು ಬಳಸಿ ಬಿಸಾಡುವ ಯಂತ್ರವೊಂದರಲ್ಲಿ ತೆರೆದು ಓದುತ್ತೇನೆ. ಮುಚ್ಚಿದ ಕೂಡಲೇ ಆ ಯಂತ್ರವೇ ಇಲ್ಲ.

ಮೊದಲ ವಾರ ಕನ್ನಡ ಟೈಪಿಂಗ್ ಒಳ್ಳೇ ಪಾಠ ಕಲಿಸಿತು. ಕನ್ನಡ ಟೈಪ್ ಮಾಡಿಸುವ ಐಬಸ್ ಪ್ರೋಗ್ರಾಂ ಹಾಕಿಕೊಂಡೆ, ಚೆನ್ನಾಗಿ ಓಡಿತು, ಮರುದಿನ ನೋಡಿದರೆ ಮಾಯ. ಪ್ರೋಗ್ರಾಂಗಳನ್ನು ಟೆಂಪ್ಲೇಟ್‌ನಲ್ಲಿ, ಅಂದರೆ ಕೆಲಸದ ಯಂತ್ರಗಳಿಗೆ ಅಚ್ಚಾಗಿರುವ ಮೂಲ ಯಂತ್ರದಲ್ಲಿ, ಹಾಕಬೇಕು. ಕೆಲಸದ ಯಂತ್ರದಲ್ಲಿ ಹಾಕಿದರೆ ಅದನ್ನು ಮುಚ್ಚಿದಾಗ ಅಳಿಸಿಹೋಗುತ್ತದೆ, ನಮ್ಮ ಹೋಮ್ ಫೋಲ್ಡರ್‌ನಂಥ ಕೆಲವು ಜಾಗ ಮಾತ್ರ ಉಳಿಯುತ್ತವೆ.

ಎಲ್ಲವೂ ಒಂದೇ ಕರ್ನಲ್‌ನಲ್ಲಿರಬೇಕಾ, ಡ್ರೈವರ್‌ಗಳು ಹೊರಗಿರಬೇಕಾ ಅಂತ ಮಿನಿಕ್ಸ್ ಅನ್ನುವ ಓಎಸ್ ಬರೆದ ಪ್ರೊಫೆಸರ್ ಟನೆನ್‌ಬಾಮ್ ಮತ್ತು ಲಿನಕ್ಸ್ ಹುಟ್ಟಿಸಿದ ಟೋರ್ವಾಲ್ಡ್ಸ್ ಜಗಳ ಆಡಿದ್ದು 1992ರಲ್ಲಿ. ಟನೆನ್‌ಬಾಮ್ ತಂಡ 2005ರಲ್ಲಿ ತಂದ ಮಿನಿಕ್ಸ್ 3ರಲ್ಲಿ ಡ್ರೈವರ್ ಅಂದರೆ ಒಂದು ಸಣ್ಣ ಪ್ರೋಗ್ರಾಂ. ಸತ್ತರೆ ಅದನ್ನು ಎಬ್ಬಿಸಲು ಒಬ್ಬ ಕಾವಲುಗಾರ ಬೇರೆ. ಕ್ಯೂಬ್ಸ್‌ನಲ್ಲಿ ನನಗೆ ಸಿಕ್ಕಿದ್ದೂ ಅದೇ ಸುಖ. ಖರ್ಚು ಮಾತ್ರ ಜಾಸ್ತಿ. ಸಿಸ್-ನೆಟ್ ಒಳಗೆ ಇರುವುದು ಬರೀ ಡ್ರೈವರ್ ಅಲ್ಲ, ಪೂರ್ತಿ ಒಂದು ಲಿನಕ್ಸ್. ನೆಟ್‌ಗೆ ಕಾವಲು ಕೂತ ಸಿಸ್-ಫೈರ್‌ವಾಲ್‌ನಲ್ಲಿ ಇನ್ನೊಂದು, ಸಿಸ್-ಯುಎಸ್‌ಬಿಯಲ್ಲಿ ಮತ್ತೊಂದು. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಒಲೆ, ಮಿಕ್ಸಿ, ಫ್ರಿಜ್ ಮನೆಗೊಂದೊಂದು ಬೇಕಾಗುತ್ತದಲ್ಲ, ಹಾಗೆ. ಓಎಸ್ ಪುಕ್ಕಟೆ ಅಂತ ಹಾಕಿಕೊಂಡವನು ಮೂರನೇ ತಿಂಗಳಿಗೆ 16 ಜಿಬಿ ಇದ್ದ ರಾಮ್ ಅನ್ನು 32 ಮಾಡಿಸಿದೆ. ಸೆಕೆಂಡ್ ಹ್ಯಾಂಡ್ ಪಟ್ಟಿಗೇ 3,000 ರೂಪಾಯಿ ಹೋಯಿತು. ಬ್ಯಾಟರಿ ಮಧ್ಯಾಹ್ನದ ಊಟದವರೆಗೂ ಬರುವುದಿಲ್ಲ.

ಇನ್ನೂ ಬೇಜಾರಿನ ವಿಷಯ ಪರದೆಯದ್ದು. ನೆಟ್, ಯುಎಸ್‌ಬಿ ಎಲ್ಲವನ್ನೂ ಹೊರಗಟ್ಟಿದರೂ ಗ್ರಾಫಿಕ್ಸ್ ಡ್ರೈವರ್ ಡಾಮ್-ಜೀರೋದಲ್ಲೇ ಉಳಿದಿದೆ. ಎಲ್ಲ ಯಂತ್ರಗಳ ಯಜಮಾನ ಅದು, ನೆಟ್ ಸಂಪರ್ಕವೂ ಇಲ್ಲ ಅದಕ್ಕೆ. ಅಲ್ಲಿ ಗ್ರಾಫಿಕ್ಸ್ ಕೈಕೊಟ್ಟರೆ ಒಂದನ್ನೇ ಕೊಂದು ಎಬ್ಬಿಸುವ ಆಟ ನಡೆಯುವುದಿಲ್ಲ. ನನಗೆ ಎರಡು ಸಲ ಹಾಗಾಯಿತು. ಪರದೆ ನಿಂತಿತು, ಪವರ್ ಬಟನ್ ಒತ್ತಿ ಹಿಡಿದೆ, ಹಳೇ ಲಿನಕ್ಸ್‌ನಲ್ಲಿ ಮಾಡುತ್ತಿದ್ದ ಹಾಗೇ. ಒಳಗಿನ ಯಂತ್ರಗಳಿಗೆ ಗ್ರಾಫಿಕ್ಸ್ ವೇಗವೂ ಸಿಗುವುದಿಲ್ಲವಾದ್ದರಿಂದ ವಿಡಿಯೋ ಕಾಲ್ ಶುರುವಾದರೆ ಫ್ಯಾನ್ ಗಿರಣಿಯ ಹಾಗೆ ಕೂಗುತ್ತದೆ. ಮೀಟಿಂಗ್ ಎಲ್ಲ ಈಗ ಫೋನಿನಲ್ಲೇ.

ದಿನವಿಡೀ ವಿಡಿಯೋ ಎಡಿಟ್ ಮಾಡುವವರಿಗೆ, ಗೇಮ್ ಆಡುವವರಿಗೆ ಇದು ಬೇಡವೇ ಬೇಡ. ನನ್ನ ಕೆಲಸ ಬರವಣಿಗೆ, ಮೇಲ್, ಬ್ಯಾಂಕು, ಅಷ್ಟೇ. ಮೊನ್ನೆ ತಮ್ಮ ಬಂದವನು, "ಅಣ್ಣಾ, 300 ರೂಪಾಯಿಗೆ ಯುಎಸ್‌ಬಿ ವೈಫೈ ಡಾಂಗಲ್ ತಗೊಂಡಿದ್ರೆ ಮುಗೀತಿತ್ತಲ್ವಾ?" ಅಂದ. ಮುಗೀತಿತ್ತು. ಆದರೆ ಅವನು ತಂದಿದ್ದ ಮದುವೆ ಫೋಟೋಗಳ ಪೆನ್‌ಡ್ರೈವ್ ಅನ್ನು ಅವನ ಲ್ಯಾಪ್‌ಟಾಪ್‌ಗೆ ಹಾಕೋಕೆ ಭಯ ಅಂತ ನನ್ನ ಹತ್ತಿರವೇ ಕೊಟ್ಟ.