ವರ್ಷಗಟ್ಟಲೆ ಒಂದೇ ಪೆಟ್ ಕ್ಲಿನಿಕ್: ಡಾಕ್ಟರ್ ಕೈಗುಣ ಚೆನ್ನಾಗಿದೆ, ಟೆಸ್ಟ್‌ಗಳ ಬಗ್ಗೆ ಮಾತ್ರ ಕೇಳಿ ತಿಳ್ಕೊಳ್ಳಿ

ನಮ್ಮ ನಾಯಿ ಚುಕ್ಕಿಗೆ ಈಗ ವಯಸ್ಸಾಗಿದೆ. ಮರಿಯಾಗಿದ್ದಾಗಿನಿಂದ ಒಂದೇ ಕ್ಲಿನಿಕ್‌ಗೆ ಹೋಗುತ್ತಿದ್ದೇವೆ. ಹೆಸರು ಹಾಕುವುದಿಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಒಮ್ಮೆ ಹೀಟ್ (ಬೆದೆ) ಮುಗಿದು ಕೆಲವು ವಾರಗಳಾದ ಮೇಲೆ ಚುಕ್ಕಿ ಊಟ ಬಿಟ್ಟು ಬರೀ ನೀರು ಕುಡಿಯಲು ಶುರು ಮಾಡಿದಳು. ಡಾಕ್ಟರ್‌ಗೆ ತಕ್ಷಣ ಅನುಮಾನ ಬಂತು. ಸ್ಕ್ಯಾನ್ ಮಾಡಿದರೆ ಗರ್ಭಕೋಶದ ತುಂಬ ಕೀವು. ಪಯೋಮೆಟ್ರಾ ಅನ್ನುತ್ತಾರೆ, ತಡ ಮಾಡಿದರೆ ಜೀವವೇ ಹೋಗಬಹುದು. ಅದೇ ರಾತ್ರಿ ಆಪರೇಷನ್ ಮಾಡಿ ಉಳಿಸಿಕೊಟ್ಟರು. ಬಿಲ್ ದೊಡ್ಡದೇ ಬಂತು, ಆದರೆ ಆ ದುಡ್ಡು ದಂಡ ಅಂತ ಒಂದು ದಿನವೂ ಅನ್ನಿಸಿಲ್ಲ.

ನನ್ನ ತಕರಾರು ಆಮೇಲಿನದರ ಬಗ್ಗೆ. ವಯಸ್ಸಾದ ನಾಯಿ ಅಂತ ರೊಟೀನ್ ರಕ್ತ ಪರೀಕ್ಷೆ ಮಾಡಿದರು, ಅದರಲ್ಲಿ ಎಎಲ್‌ಪಿ ಅನ್ನೋ ಲಿವರ್ ಎನ್‌ಜೈಮ್ ಜಾಸ್ತಿ ಬಂತು. ಅಷ್ಟಕ್ಕೇ ಅಲ್ಟ್ರಾಸೌಂಡ್, ಲಿವರ್ ಟಾನಿಕ್, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಕೊನೆಗೆ ಲಿವರ್‌ನಿಂದ ಚೂರು ತೆಗೆದು ಬಯಾಪ್ಸಿ ಮಾಡೋಣ ಅನ್ನುವವರೆಗೂ ಮಾತು ಹೋಯಿತು. ಚುಕ್ಕಿ ಮಾತ್ರ ಚೆನ್ನಾಗಿ ತಿಂದು ಓಡಾಡಿಕೊಂಡಿದ್ದಳು. ಸ್ವಲ್ಪ ಯೋಚಿಸಿ ಹೇಳುತ್ತೇವೆ ಅಂದಿದ್ದಕ್ಕೆ, "ನಿಮಗೆ ಅವಳು ಮುಖ್ಯ ಅಲ್ವಾ?" ಅಂದರು. ಈ ಮಾತು ತುಂಬಾ ನೋಯಿಸಿತು. ಮುಖ್ಯ ಅಂತಲೇ ತಾನೇ ಯೋಚಿಸುತ್ತಿರುವುದು.

ರಿಪೋರ್ಟ್‌ಗಳನ್ನೆಲ್ಲ ತೆಗೆದುಕೊಂಡು ಬೇರೆ ಡಾಕ್ಟರ್ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ, "ಇವಳಿಗೆ ಸ್ಟಿರಾಯ್ಡ್ ಏನಾದ್ರೂ ನಡೀತಿದೆಯಾ?" ನಡೀತಿತ್ತು. ಚರ್ಮದ ತುರಿಕೆಗೆ ಪ್ರೆಡ್ನಿಸೊಲೋನ್ ಬರೆದುಕೊಟ್ಟಿದ್ದು ನಮ್ಮ ಕ್ಲಿನಿಕ್ಕೇ. ನಾಯಿಗಳಲ್ಲಿ ಸ್ಟಿರಾಯ್ಡ್‌ನಿಂದಲೇ ಎಎಲ್‌ಪಿ ಏರುತ್ತದಂತೆ, ಅದೊಂದೇ ಏರಿದ ಮಾತ್ರಕ್ಕೆ ಲಿವರ್ ಕೆಟ್ಟಿದೆ ಅಂತಲ್ಲ. ಲಿವರ್ ಹೇಗಿದೆ ಅಂತ ನೋಡುವ ಎಎಲ್‌ಟಿ, ಬಿಲಿರುಬಿನ್ ಅನ್ನೋ ಇನ್ನೆರಡು ಅಂಶಗಳೂ ನಾರ್ಮಲ್ ಇದ್ದವು. ತುರಿಕೆಯೂ ಕಡಿಮೆಯಾಗಿತ್ತು, ಹಾಗಾಗಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸದೆ ನಿಧಾನಕ್ಕೆ ಇಳಿಸಿ, ಕೆಲವು ವಾರ ಬಿಟ್ಟು ಮತ್ತೆ ನೋಡೋಣ ಅಂದರು. ನೋಡಿದಾಗ ತಾನಾಗಿಯೇ ಇಳಿದಿತ್ತು. ಬಯಾಪ್ಸಿ ಬೇಕಾಗಲಿಲ್ಲ. ಇದು ದುಡ್ಡಿನ ವಿಷಯ ಮಾತ್ರ ಅಲ್ಲ, ವಯಸ್ಸಾದ ಪ್ರಾಣಿಗೆ ಬಯಾಪ್ಸಿಗೋಸ್ಕರ ಸುಮ್ನೆ ಅನಸ್ತೇಶಿಯಾ (ಅರಿವಳಿಕೆ) ಕೊಡಿಸುವ ವಿಷಯ.

ಪಕ್ಕೆಯಲ್ಲಿ ಒಂದು ಮೆತ್ತನೆ ಗಂಟು ಬಂದಾಗಲೂ ಹಾಗೇ ಆಯಿತು. ನೇರವಾಗಿ ಆಪರೇಷನ್‌ಗೆ ದಿನ ಕೊಟ್ಟರು. ಮೊದಲು ಸೂಜಿ ಹಾಕಿ ಸ್ಯಾಂಪಲ್ ತೆಗೆದು ನೋಡಿ ಅಂತ ನಾವೇ ಹಟ ಹಿಡಿದೆವು. ಬರೀ ಕೊಬ್ಬಿನ ಗಂಟು, ಲಿಪೋಮಾ. ಈಗಲೂ ಹಾಗೇ ಇದೆ, ಅವಳಿಗೆ ಅದರಿಂದ ತೊಂದರೆ ಇಲ್ಲ.

ಲಸಿಕೆಯ ಬಗ್ಗೆಯೂ ಕೇಳಿ. ಡಿಸ್ಟೆಂಪರ್, ಪಾರ್ವೊ, ಅಡಿನೊವೈರಸ್ ಲಸಿಕೆಗಳು ಮರಿಯಾಗಿದ್ದಾಗ ಸರಿಯಾಗಿ ಮುಗಿದಿದ್ದರೆ, ದೊಡ್ಡ ನಾಯಿಗೆ 3 ವರ್ಷಕ್ಕಿಂತ ಬೇಗ ಮತ್ತೆ ಹಾಕುವ ಅಗತ್ಯ ಸಾಮಾನ್ಯವಾಗಿ ಇಲ್ಲ ಅಂತ ಪಶುವೈದ್ಯರ ಜಾಗತಿಕ ಸಂಘ ಡಬ್ಲ್ಯುಎಸ್‌ಎವಿಎ ಹೇಳುತ್ತದೆ. ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಲಸಿಕೆ ಬೇರೆ, ಅದು ಕೊಡಿಸುವುದಾದರೆ ವರ್ಷ ವರ್ಷ ಬೇಕು. ರೇಬೀಸ್‌ಗೆ ಆಯಾ ಜಾಗದ ಕಾನೂನು ಹೇಗಿದೆಯೋ ಹಾಗೆ. ನಮ್ಮಲ್ಲಿ ಎಲ್ಲವನ್ನೂ ಒಟ್ಟಿಗೆ ಪ್ರತಿ ವರ್ಷ ಚುಚ್ಚುತ್ತಿದ್ದರು.

ಹಾಗಂತ ಎಲ್ಲ ಟೆಸ್ಟೂ ಬೇಡ ಅನ್ನಬೇಡಿ. ಅನಸ್ತೇಶಿಯಾಗೆ ಮುಂಚಿನ ರಕ್ತ ಪರೀಕ್ಷೆ ಬಿಡುವಂಥದ್ದಲ್ಲ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ, ನಾಯಿಯ ಹೊಟ್ಟೆ ಉಬ್ಬಿ, ವಾಂತಿ ಮಾಡಲು ಹೋದರೂ ಬರದೆ ಒದ್ದಾಡುತ್ತಿದ್ದರೆ, ಎರಡನೇ ಅಭಿಪ್ರಾಯ ಅಂತ ಅಲೆಯುವ ಹೊತ್ತಲ್ಲ ಅದು. ಹತ್ತಿರದ ಆಸ್ಪತ್ರೆಗೆ ಓಡಿ.

ಅರ್ಜೆಂಟ್ ಇಲ್ಲದಿದ್ದಾಗ ನಾನು ಕೇಳುವುದು ಇಷ್ಟು: ಈ ಟೆಸ್ಟ್‌ನ ರಿಸಲ್ಟ್ ನೋಡಿ ಚಿಕಿತ್ಸೆ ಬದಲಾಗುತ್ತಾ? ಒಂದೆರಡು ವಾರ ಕಾದರೆ ಏನಾಗುತ್ತೆ? ಒಳ್ಳೆಯ ಡಾಕ್ಟರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಜೊತೆಗೆ ಪ್ರತಿ ರಿಪೋರ್ಟ್‌ನ ಪ್ರತಿ ಕೇಳಿ ಪಡೆದುಕೊಳ್ಳುತ್ತೇನೆ.

ಎಮರ್ಜೆನ್ಸಿಗೆ ಇಂದಿಗೂ ಇದೇ ಕ್ಲಿನಿಕ್‌ಗೆ ಹೋಗುತ್ತೇವೆ, ಆ ಡಾಕ್ಟರ್ ಮೇಲೆ ಆ ನಂಬಿಕೆ ಇದೆ. ಉಳಿದದ್ದಕ್ಕೆ ಮೊದಲೇ ಅಂದಾಜು ಖರ್ಚು ಬರೆದುಕೊಡಿ ಅಂದರೆ ಈಗ ಬರೆದುಕೊಡುತ್ತಾರೆ. ಕೇಳದಿದ್ದರೆ ಕೊಡುವುದಿಲ್ಲ, ಅದಕ್ಕೇ 5ರಲ್ಲಿ 3 ಸ್ಟಾರ್.